ಬಾಗಿಲವರ ಜಗಲಿ

ಮಳೆಯ ಮೊದಲ ಹನಿ ನೆಲಕ್ಕೆ ಬೀಳುತ್ತಲೇ ನಮ್ಮೂರಿನ ಕದಗಳೆಲ್ಲ ತೆರೆದುಕೊಳ್ಳುತ್ತವೆ. ಅಗಳಿ ಹಾಕಿರಲಿ, ಚಿಲಕ ಜಡಿದಿರಲಿ, ಒಳಗಿನಿಂದ ಒರಳುಕಲ್ಲು ಉರುಳಿಸಿ ಒತ್ತಿಟ್ಟಿರಲಿ, ತೆರೆದೇ ತೆರೆಯುತ್ತವೆ. ಮಳೆ ನಿಲ್ಲುವವರೆಗೂ ಮುಚ್ಚುವುದಿಲ್ಲ. ಯಾಕೆ ಎಂದು ನಾವು ಯಾವತ್ತೂ ಕೇಳಿಕೊಂಡವರಲ್ಲ. ನಾನು ಬಡಗಿ, ಹೆಸರು ಮೌನಾಚಾರಿ; ಇಂಥ ಊರಿಗೆ ಕದ ಮಾಡಿಕೊಡುವುದು ನನ್ನ ಕಸುಬು. ಕದ ಎಷ್ಟು ಗಟ್ಟಿ ಎಂದು ಇಲ್ಲಿ ಯಾರೂ ವಿಚಾರಿಸುವುದಿಲ್ಲ. ತೆರೆದುಕೊಳ್ಳುವಾಗ ಗೋಡೆಗೆ ಬಡಿಯುತ್ತದೋ ಇಲ್ಲವೋ, ತೊಟ್ಟಿಲ ಕೂಸು ಬೆಚ್ಚಿ ಏಳುತ್ತದೋ ಇಲ್ಲವೋ, ಅಷ್ಟನ್ನೇ ಕೇಳುತ್ತಾರೆ.

ಒಗ್ಗಿಹೋದರೆ ಏನೂ ಕಷ್ಟವಿಲ್ಲ. ಪ್ರತಿ ಮನೆಯ ಬಾಗಿಲ ಪಕ್ಕದ ಗಳುವಿನ ಮೇಲೆ ಒಂದು ಒಣ ಪಂಚೆ, ಒಂದು ಒಣ ಸೀರೆ ಯಾವಾಗಲೂ ಇರುತ್ತವೆ. ಮಳೆಗೆ ಸಿಕ್ಕಿ ಒಳಗೆ ಬಂದವರ ತಲೆ ಒರೆಸಿ, ಬಿಸಿ ಗಂಜಿ ಕೊಡುವವರೆಗೆ ಹೆಸರು ಕೇಳುವ ಹಾಗಿಲ್ಲ. ಹೊಸದಾಗಿ ಮದುವೆಯಾದವರು ಕೌದಿಯ ಅಂಚಿಗೆ ಕಲ್ಲು ಹೊಲಿದು ಬಾಗಿಲಿಗೆ ಇಳಿಬಿಟ್ಟುಕೊಳ್ಳುತ್ತಾರೆ. ಆ ಕೌದಿ ಕೊಡುವುದು ಸೋದರತ್ತೆಯ ಪಾಲಿನ ಕೆಲಸ. ಒಮ್ಮೆ ಹೊರಗಿನ ಕಳ್ಳನೊಬ್ಬ ನಮ್ಮೂರಿನ ಸಂಗತಿ ಕೇಳಿ ಮಳೆ ನೋಡಿಕೊಂಡೇ ಬಂದ. ಮೂರು ಮನೆಯಲ್ಲಿ ಗಂಜಿ ಕುಡಿಸಿದರು. ನಾಲ್ಕನೆಯ ಮನೆ ಹೊಕ್ಕಾಗ ಹೊಟ್ಟೆ ಭಾರವಾಗಿ ಅಲ್ಲೇ ಮಲಗಿಬಿಟ್ಟ. ಈಗ ಅವನು ಕುಂಬಾರಬೀದಿಯ ಅಳಿಯ.

ನಮ್ಮೂರಿನವರ ಬಾಯಲ್ಲಿರುವುದು ಒಂದೇ ಕಾವ್ಯ, ಮೋಗುರುವಿನ ಕಥೆ. ಎರಡು ಸಾವಿರದ ನಾನೂರು ವರ್ಷದ ಹಿಂದೆ ಚೀನದಲ್ಲಿದ್ದ ಗುರು ಅವನು. ಚೀನಕ್ಕೂ ನಿಮಗೂ ಏನು ನಂಟು ಎಂದು ಹೊರಗಿನವರು ನಗುತ್ತಾರೆ, ನಗಲಿ. ಉಳಿ ಹಿಡಿದು ಬಲ್ಲ ಗುರು ಬೇರೆ ಯಾರಿಗಿದ್ದಾನೆ? ಗೊಂಗ್‌ಶು ಎಂಬ ಜಾಣ ಬಡಗಿ ಮರದ ಹಕ್ಕಿ ಮಾಡಿ ಮೂರು ದಿನ ಆಕಾಶದಲ್ಲಿ ಹಾರಿಸಿದಾಗ ಮೋಗುರು ಅದನ್ನು ನೋಡಿ, "ಗಾಡಿಯ ಚಕ್ರ ಕಳಚದ ಹಾಗೆ ಹಿಡಿಯುವ ಕಡಾಣಿ ಇದೆಯಲ್ಲ, ಬೆರಳುದ್ದದ ಮರ, ಅದನ್ನು ಕೆತ್ತಿದವನು ನಿನಗಿಂತ ದೊಡ್ಡವನು, ಅದು ಜನರ ಭಾರ ಹೊರುತ್ತದೆ" ಎಂದ. ಮೂರನೆಯ ಸಂಧಿಯಲ್ಲಿ ಈ ಮಾತು ಬರುವಾಗ ನನ್ನ ಅಪ್ಪ ಪ್ರತಿ ವರ್ಷವೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದ. ಈಗ ನಾನು ಮಾಡಿಕೊಳ್ಳುತ್ತೇನೆ. ಬೇರೆಯವನ ತಂದೆಯನ್ನು ನಿನ್ನ ತಂದೆಯಂತೆ ಕಾಣು, ಬೇರೆಯವರ ಊರನ್ನು ನಿನ್ನ ಊರಿನಂತೆ ಕಾಯಿ ಎಂದವನು ಅವನು. ಹಣೆಯಲ್ಲಿ ಬರೆದದ್ದು ಎಂದು ಕೈಕಟ್ಟಿ ಕೂರಬೇಡ ಎಂದವನು. ಸತ್ತವರಿಗೆ ಮೂರು ಸುತ್ತು ಬಟ್ಟೆ, ಮೂರು ಬೆರಳು ದಪ್ಪದ ಹಲಗೆ ಸಾಕು, ಉಳಿದದ್ದು ಬದುಕಿದವರಿಗಿರಲಿ ಎಂದವನು. ಸಂಗೀತದ ಆಡಂಬರವೂ ಅವನಿಗೆ ಸೇರುತ್ತಿರಲಿಲ್ಲ. ಅದಕ್ಕೇ ನಮ್ಮ ವಾಚನದ ಮಂಟಪದಲ್ಲಿ ಶ್ರುತಿಪೆಟ್ಟಿಗೆ ಇಲ್ಲ, ತಾಳವಿಲ್ಲ. ಆದರೂ ವಾಚನದ ಗರುಡಯ್ಯನವರ ಬಲಗಾಲಿನ ಹೆಬ್ಬೆರಳು ಶಾಲಿನ ಅಡಿಯಲ್ಲಿ ತಾಳ ಹಾಕುತ್ತಲೇ ಇರುತ್ತದೆ. ನಾವೆಲ್ಲ ಬೇರೆ ಕಡೆ ನೋಡುತ್ತೇವೆ.

ಮಳೆಗಾಲ ಹಿಡಿದ ಮೇಲೆ ಹನ್ನೊಂದು ಸಂಜೆ ಹನ್ನೊಂದು ಸಂಧಿ ಓದುತ್ತಾರೆ. ಕಥೆಯ ಜೀವವಿರುವುದು ಆರನೆಯದರಿಂದ ಮುಂದೆ. ಗೊಂಗ್‌ಶು ಚೂ ದೇಶದ ರಾಜನಿಗೆ ಮುಗಿಲೆತ್ತರದ ಏಣಿಗಳನ್ನು ಮಾಡಿಕೊಡುತ್ತಾನೆ. ರಾಜ ಆ ಏಣಿ ಹತ್ತಿ ಸೋಂಗ್ ಎಂಬ ಸಣ್ಣ ಕೋಟೆಯನ್ನು ನುಂಗಲು ಹೊರಡುತ್ತಾನೆ. ಸೋಂಗ್ ಮೋಗುರುವಿನ ಊರಲ್ಲ, ಅಲ್ಲಿ ಅವನಿಗೆ ನೆಂಟರಿಲ್ಲ. ಆದರೂ ತನ್ನ ಮುನ್ನೂರು ಶಿಷ್ಯರನ್ನು ಆ ಕೋಟೆಯ ಗೋಡೆ ಕಾಯಲು ಕಳಿಸಿ, ತಾನೊಬ್ಬನೇ ರಾಜನನ್ನು ತಡೆಯಲು ಹೊರಡುತ್ತಾನೆ. "ಹತ್ತು ರಾತ್ರಿಯ ಹತ್ತು ಹಗಲನು, ಕಿತ್ತ ಬಟ್ಟೆಯ ಕಾಲ್ಗೆ ಸುತ್ತುತ, ಮತ್ತೆ ನಿಲ್ಲದೆ ನಡೆದು ಕಳೆದನು ಮುನಿಯದಾ ಗುರುವು" ಎಂದು ಗರುಡಯ್ಯನವರು ಎತ್ತಿಕೊಂಡರೆ ಹೆಂಗಸರು ತಮ್ಮ ಅಂಗಾಲು ಮುಟ್ಟಿ ನೋಡಿಕೊಳ್ಳುತ್ತಾರೆ. ರಾಜನ ಮುಂದೆ ಗುರು ತನ್ನ ನಡುಪಟ್ಟಿ ಬಿಚ್ಚಿ ನೆಲದ ಮೇಲೆ ದುಂಡಗೆ ಸುತ್ತಿಟ್ಟು, ಇದೇ ಕೋಟೆ ಎನ್ನುತ್ತಾನೆ. ಗೊಂಗ್‌ಶು ಒಂಬತ್ತು ಉಪಾಯದಲ್ಲಿ ಮುತ್ತುತ್ತಾನೆ. ಗುರು ಕಡ್ಡಿಯ ಚೂರುಗಳನ್ನಿಟ್ಟು ಒಂಬತ್ತು ಸಲವೂ ಕಾಯುತ್ತಾನೆ. ರಾಜ ದಂಡನ್ನು ಹಿಂದಕ್ಕೆ ಕರೆಸುತ್ತಾನೆ. ಒಂದು ತೊಟ್ಟು ರಕ್ತ ಬೀಳದೆ ಕೋಟೆ ಉಳಿಯುತ್ತದೆ.

ಕೊನೆಯದು ಹನ್ನೊಂದನೆಯ ಸಂಧಿ. ಹಿಂದಿರುಗುವಾಗ ಗುರು ಅದೇ ಸೋಂಗ್ ಕೋಟೆಯ ಮುಂದೆ ಬರುತ್ತಾನೆ. ಜೋರು ಮಳೆ. ಬಾಗಿಲ ಕೆಳಗೆ ನಿಲ್ಲಲು ಹೋದರೆ ಕಾವಲುಗಾರ ಒಳಗೆ ಬಿಡುವುದಿಲ್ಲ. ಊರನ್ನು ಉಳಿಸಿದವನು ಊರ ಬಾಗಿಲಲ್ಲಿ ನೆನೆದುಕೊಂಡು ನಿಲ್ಲುತ್ತಾನೆ, ನಾನು ಇಂಥವನು ಎಂದು ಹೇಳಿಕೊಳ್ಳುವುದಿಲ್ಲ, ಮುನಿಯುವುದೂ ಇಲ್ಲ.

ನಮ್ಮೂರಿನಲ್ಲಿ ಎಲ್ಲರೂ ಗೋಡೆ ಕಾದ ಆ ಮುನ್ನೂರು ಶಿಷ್ಯರ ವಂಶದವರು. ಅವರಿಗೆ ಮುನ್ನೂರವರು ಎಂದೇ ಹೆಸರು. ಒಂದು ಮನೆತನ ಮಾತ್ರ ಆ ಕಾವಲುಗಾರನದು. ಅದು ನಮ್ಮದು. ನಮಗೆ ಬಾಗಿಲವರು ಎನ್ನುತ್ತಾರೆ. ಹತ್ತು ಸಂಜೆ ನಾವು ಎಲ್ಲರ ಜೊತೆ ಮಂಟಪದೊಳಗೆ ಕೂತು ಕೇಳುತ್ತೇವೆ, ಅವ್ವ ಎಲ್ಲರಿಗೂ ಪುರಿ ಹಂಚುತ್ತಾಳೆ. ಹನ್ನೊಂದನೆಯ ಸಂಜೆ ಮಂಟಪದ ಕದ ಎಳೆದುಕೊಳ್ಳುತ್ತಾರೆ. ನಾವು ಹೊರಗೆ ಜಗಲಿಯಲ್ಲಿ ಕೂತು ಕಿಟಕಿಯಿಂದ ಕೇಳಬೇಕು. ಆ ಜಗಲಿಗೆ ಸೂರಿಲ್ಲ. ಮಳೆ ಬಂದರೆ ಕದವೇನೋ ತೆರೆದುಕೊಳ್ಳುತ್ತದೆ. ಯಾವ ದಾರಿಹೋಕನನ್ನಾದರೂ ಕೈಹಿಡಿದು ಒಳಗೆ ಕರೆದುಕೊಳ್ಳುವ ಜನ ಆ ಒಂದು ಸಂಜೆ ನಮ್ಮನ್ನು ಕರೆಯುತ್ತಿರಲಿಲ್ಲ. ನಾವೂ ಹೊಸ್ತಿಲು ದಾಟುತ್ತಿರಲಿಲ್ಲ. ದ್ವೇಷದಿಂದಲ್ಲ, ರೂಢಿ. ಮಾರನೆಯ ದಿನ ಅದೇ ಜನ ಅವ್ವನ ಹತ್ತಿರ ಒಗ್ಗರಣೆಯ ಹದ ಕೇಳಲು ಬರುತ್ತಿದ್ದರು.

ಅವ್ವನಿಗೆ, ಎಂದರೆ ಕಾಳಮ್ಮನಿಗೆ, ಎಂಬತ್ತೆರಡು. ಹದಿನಾರಕ್ಕೆ ಸೊಸೆಯಾಗಿ ಬಂದ ದಿನದಿಂದ ಜಗಲಿ ತಪ್ಪಿಲ್ಲ. ಕಾವ್ಯ ಪೂರ್ತಿ ಬಾಯಲ್ಲಿದೆ. ಅವಳ ಆಸೆ ಒಂದೇ: "ಒಂದ್ ಸಲ ಒಳಗ್ ಕೂತು ಕೊನೇ ಸಂಧಿ ಕೇಳ್ಬೇಕು ಕಣೋ ಮೌನ. ಗರುಡಯ್ಯ ಅಳೋ ಪದ್ಯ ಓದೋವಾಗ ಮೊಕ ಹೆಂಗ್ ಮಾಡ್ತಾನೋ ನೋಡ್ಬೇಕು." ಹೋದ ವರ್ಷ ಜಗಲಿಯಲ್ಲಿ ನೆನೆದು ಎದೆಗೆ ಕಫ ಕಟ್ಟಿ ಇಪ್ಪತ್ತು ದಿನ ಮಲಗಿದಳು. ನಾಡಿ ನೋಡಿದ ಪಂಡಿತರು, "ಇನ್ನೊಂದು ಸಲ ಹೀಗಾದರೆ ನನ್ನನ್ನು ಕರೆಯಬೇಡಿ, ಹಲಗೆ ಕೊಯ್ಯಿರಿ" ಎಂದಿದ್ದರು. ಜಗಲಿ ಬೇಡ, ಮನೆಯಲ್ಲೇ ಇರು ಎಂದರೆ ಕೇಳುವವಳಲ್ಲ. "ಆ ಕಥೆ ಕೇಳ್ದೆ ಬದುಕಿ ಏನ್ ಮಾಡ್ಲಿ?" ಎನ್ನುತ್ತಿದ್ದಳು.

ಈ ವರ್ಷ ಆರನೆಯ ಸಂಜೆ ನನಗೆ ಹಲ್ಲುನೋವು. ಗುರು ಶಿಷ್ಯರನ್ನು ಬೀಳ್ಕೊಡುವ ಪದ್ಯಗಳು ನಡೆಯುತ್ತಿದ್ದವು. ಪುರಿ ಹಂಚುವುದು ಯಾವಾಗಲೂ ಆ ಹೊತ್ತಿಗೇ. ಕೈಗಳೆಲ್ಲ ಮೇಲೆದ್ದಿರುತ್ತವೆ, ಇತ್ತ ಹಾಕು, ಕಾಯಿಚೂರು ಇಲ್ಲ ಎಂಬ ಗಲಾಟೆ. ನಾನು ಬೇಡ ಎಂದು ಕೆನ್ನೆ ಹಿಡಿದುಕೊಂಡು ಸುಮ್ಮನೆ ಕೂತಿದ್ದೆ. ಕಿವಿಗೆ ಬಿತ್ತು: "ಗುರುತು ಕಾಣದ ಜನಕೆ ಕೋಟೆಯ ತೆರೆಯಬಾರದು ಕದವ, ಹಗೆಗಳು ತಿರುಗಿ ಹೋದರು ಎಂಬ ಸುದ್ದಿಯು ತಲುಪುವಾವರೆಗೆ." ಗುರು ತನ್ನ ಶಿಷ್ಯರಿಗೆ ಕೊಟ್ಟ ಅಪ್ಪಣೆ. ನೂರು ಸಲ ಕೇಳಿದ ಪದ್ಯ. ಹಲ್ಲಿನ ನೋವು ಮರೆತೇಹೋಯಿತು.

ಮನೆಗೆ ಬಂದು ಅವ್ವನ ಕಾಲಬಳಿ ಕೂತು ಪದ್ಯ ಹೇಳಿದೆ. ಅವಳಿಗೆ ಗೊತ್ತಿದ್ದದ್ದೇ, ತಲೆಯಾಡಿಸಿದಳು. "ಅವ್ವ, ಗುರು ಕೋಟೆ ಮುಂದೆ ಬಂದಾಗ ಸುದ್ದಿ ತಲುಪಿತ್ತಾ?" ಎಂದೆ. ಅವಳು ಹನ್ನೊಂದನೆಯ ಸಂಧಿಯನ್ನು ತುಟಿಯಲ್ಲೇ ಮೊದಲಿನಿಂದ ಓಡಿಸಿದಳು. ನಡುವೆ ನಿಂತಳು. "ಸುದ್ದಿಗಿಂತ ಮುಂದಾಗಿ ಬಂದ ಗುರು ಅಂತ ಐತೆ," ಎಂದಳು ಮೆಲ್ಲಗೆ. "ಆ ಪದ್ಯಕ್ಕೆ ಅರವತ್ತು ವರ್ಷ ಪುರಿ ಹಂಚಿದೀನಲ್ಲೋ," ಎಂದು ತನ್ನ ಕೈಗಳನ್ನೇ ನೋಡಿಕೊಂಡಳು. "ನಾನು ಹೇಳ್ಲಾ ಮಂಟಪದಲ್ಲಿ?" ಎಂದರೆ, "ಬೇಡ. ನಾಳೆ ಸಾಯೋಳಿಗೋಸ್ಕರ ಊರ ಎದುರ್ ಹಾಕ್ಕೋಬೇಡ," ಎಂದಳು. ಮಲಗಿದ ಮೇಲೆ ಮತ್ತೆ ದನಿ ಬಂತು: "ಮೌನ, ಅವನು ಅಪ್ಪಣೆ ಪಾಲಿಸ್ದ ಅಷ್ಟೇ ಅಲ್ವೇನೋ?"

ಹತ್ತನೆಯ ಸಂಜೆ ಓದು ಮುಗಿದ ಮೇಲೆ, ಗುರು ಮಾಡಿದ ಹಾಗೆ, ಸಂದೇಹವಿದ್ದವರು ತಮ್ಮ ನಡುಪಟ್ಟಿ ಬಿಚ್ಚಿ ವಾಚಕರ ಮುಂದೆ ಸುತ್ತಿಡಬಹುದು; ಅವರು ಉತ್ತರ ಕೊಡಲೇಬೇಕು. ಸಾಮಾನ್ಯವಾಗಿ ಏಣಿಯ ಎತ್ತರದ ಬಗ್ಗೆಯೋ ಚೂ ದೇಶದ ಹಾದಿಯ ಬಗ್ಗೆಯೋ ಕೇಳುತ್ತಾರೆ. ಬಾಗಿಲವರು ಯಾರೂ ಕೇಳಿದ್ದಿಲ್ಲ. ನಾನು ಎದ್ದಾಗ ಪಂಚೆ ಸಡಿಲವಾಯಿತು. ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ಪಟ್ಟಿ ಇಟ್ಟೆ. ಹಿಂದೆ ಯಾರೋ, "ಲೋ, ಮೌನಣ್ಣಂಗೆ ಮಾತ್ ಬಂತು!" ಎಂದರು. ನಗು.

"ಕೇಳಪ್ಪ ಆಚಾರಿ," ಎಂದರು ಗರುಡಯ್ಯ.

ಆರನೆಯ ಸಂಧಿಯ ಪದ್ಯವನ್ನು ಮತ್ತೊಮ್ಮೆ ಓದಬೇಕೆಂದು ಬೇಡಿಕೊಂಡೆ. ಅವರು ಹಾಳೆ ತಿರುಗಿಸಿ ಓದಿದರು. ಪುರಿಯಿಲ್ಲದೆ, ಗಲಾಟೆಯಿಲ್ಲದೆ ಆ ಮೂರು ಸಾಲು ಮಂಟಪದಲ್ಲಿ ಕೇಳಿದ್ದು ಅದೇ ಮೊದಲು. ಓದುತ್ತ ಓದುತ್ತ ಅವರ ದನಿ ನಿಧಾನವಾಯಿತು. ಹೆಬ್ಬೆರಳು ನಿಂತಿತು. ನಾನು ಹೆಚ್ಚು ಹೇಳಲಿಲ್ಲ. "ಕಾವಲುಗಾರ ಗುರುವನ್ನ ಯಾವತ್ತೂ ನೋಡಿರ್ಲಿಲ್ಲ. ಸುದ್ದಿ ಬಂದಿರ್ಲಿಲ್ಲ. ಅವನು ಕದ ಹಾಕ್ಕೊಂಡಿದ್ದು ಗುರುವಿನ ಮಾತಿಗೆ. ಮತ್ತೆ ಗುರು ಮುನೀಲಿಲ್ಲ ಅಂತ ಕಾವ್ಯಾನೇ ಹೇಳ್ತದೆ. ನಮ್ಮವ್ವ ನಾಳೆ ಒಳಗೆ ಕೂರಬೋದಾ?"

ಮುನ್ನೂರವರ ಯಜಮಾನ ಚನ್ನಿಗಪ್ಪ ಎದ್ದುನಿಂತರು. ಎಪ್ಪತ್ತು ದಾಟಿದ, ಮಾತಿಗೆ ಹಿಂಜರಿಯದ ಮನುಷ್ಯ. "ಲೇ ಮೌನ, ಸುಲಭವಾಗಿ ಜಾರ್ಕೋಬೇಡ. ಗುರುತು ಕಾಣದವರಿಗೆ ತೆರೀಬಾರದು, ಸರಿ. ನಿಮ್ಮೋನಿಗೆ ಗುರುತಿಲ್ದಿದ್ರೆ ಮೇಲೆ ಗೋಡೆ ಮೇಲೆ ನಮ್ಮೋರು ಮುನ್ನೂರು ಜನ ಇದ್ರಲ್ಲ? ಒಬ್ರಲ್ಲ ಇಬ್ರಲ್ಲ. ಎಲ್ಲ ಗುರುವಿನ ಕೈಲಿ ಉಂಡೋರು. 'ಅಣ್ಣಾ, ಕೆಳಗೆ ಯಾರೋ ನಿಂತವ್ರೆ, ನೋಡಿ' ಅಂತ ಒಂದ್ ಕೂಗು ಹಾಕಿದ್ರೆ ಅವರು ಗುರುತು ಹಿಡೀತಿರ್ಲಿಲ್ವಾ?"

ಸೋತೆ ಎಂದುಕೊಂಡು ಪಟ್ಟಿಗೆ ಕೈ ಹಾಕಿದೆ. ಅಷ್ಟರಲ್ಲಿ ಹೆಂಗಸರ ಕಡೆಯಿಂದ ನಮ್ಮ ಪಕ್ಕದ ಮನೆಯ ನಂಜಕ್ಕನ ದನಿ ಬಂತು. ಅವಳೂ ಮುನ್ನೂರವರ ಮಗಳೇ. "ಅಲ್ಲ ಚನ್ನಿಗಪ್ಪಣ್ಣ, ಕೂಗು ಯಾಕೆ ಹಾಕ್ಬೇಕು? ಗೋಡೆ ಕಾಯೋಕ್ ಕಳಿಸಿದ್ದು ಕೆಳಗೆ ಯಾರ್ ಬಂದ್ರು ಅಂತ ನೋಡೋಕ್ ತಾನೆ? ಮುನ್ನೂರ್ ಜನದ ಆರ್ನೂರ್ ಕಣ್ಣು ಎಲ್ಲಿದ್ವು? ಮಳೆ ಅಂತ ಗೋಣಿ ಹೊದ್ಕೊಂಡ್ ಮುದುರ್ಕೊಂಡಿದ್ವಾ?"

ಮಂಟಪ ಗೊಳ್ಳೆಂದು ನಕ್ಕಿತು. ನಗು ಅರ್ಧಕ್ಕೆ ನಿಂತಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗರುಡಯ್ಯ ಕೊನೆಯ ಸಂಧಿಯ ಹಾಳೆಗಳನ್ನು ಬೆರಳಲ್ಲಿ ಸವರುತ್ತ ಹೋದರು, ಗೋಡೆಯ ಮೇಲಿನವರ ಬಗ್ಗೆ ಒಂದಾದರೂ ಮಾತು ಸಿಕ್ಕೀತೇ ಎಂದು. ಸಿಗಲಿಲ್ಲ. "ಇಲ್ಲ," ಎಂದರು. "ಮುನ್ನೂರವರ ಹೆಸರೇ ಇಲ್ಲಿಲ್ಲ."

ಚನ್ನಿಗಪ್ಪನವರು ನಿಂತೇ ಇದ್ದರು. ಹೀಗಲ್ಲ ಹಾಗೆ ಎಂದು ಅವರು ಏನಾದರೂ ಹೇಳಿದ್ದರೆ ಊರು ಒಪ್ಪುತ್ತಿತ್ತು, ಇವತ್ತಿಗೂ ನನಗದು ಗೊತ್ತು. ಅವರು ತಮ್ಮ ನಡುಪಟ್ಟಿ ಬಿಚ್ಚಿದರು. ಬಗ್ಗಲು ಮೊಣಕಾಲು ನೋಯುತ್ತಿತ್ತು. ಆದರೂ ಬಗ್ಗಿ ನನ್ನ ಪಟ್ಟಿಯ ಪಕ್ಕಕ್ಕೆ ಇಟ್ಟರು. "ತಪ್ಪು ನಮ್ದಾದ್ರೆ ಜಗಲಿನೂ ನಮ್ದೇ," ಎಂದರು. "ನಾಳೆ ಬಾಗಿಲವರು ಒಳಗೆ. ನಾವು ಹೊರಗೆ." ಯಾರೋ, "ಅಷ್ಟು ಜನಕ್ಕೆ ಜಗಲಿ ಸಾಲ್ದಲ್ಲ?" ಎಂದರು. "ಬೀದಿ ಐತಲ್ಲ, ಕೂತ್ಕೋ," ಎಂದರು ಅವರು ತಿರುಗಿಯೂ ನೋಡದೆ.

ಇಂಥ ಊರು ನಮ್ಮದು. ನನ್ನ ಊರು ಎಂದು ಹೇಳಿಕೊಳ್ಳುವಾಗ ನನಗೆ ಎದೆ ಉಬ್ಬುವುದು ತೆರೆಯುವ ಕದಗಳಿಗಲ್ಲ.

ಮನೆಗೆ ಬಂದು ಹೇಳಿದೆ. ಅವ್ವ ಹಿಗ್ಗಲಿಲ್ಲ. "ನಾನ್ ಕೇಳಿದ್ದು ನಂಗೊಂದ್ ಜಾಗ. ಅವರನ್ ಎಬ್ಬಿಸು ಅಂತ ಕೇಳಿದ್ನಾ?" ಎಂದು ಗೊಣಗಿದಳು. ಆದರೆ ಬೆಳಗ್ಗೆ ನೋಡಿದರೆ ಪೆಟ್ಟಿಗೆಯಿಂದ ಮದುವೆಯ ಕೆಂಪು ಸೀರೆ ತೆಗೆದು ಬಿಸಿಲಿಗೆ ಹಾಕಿದ್ದಳು. ಅತ್ತ ನಂಜಕ್ಕನಿಗೆ ಬೇರೆ ಚಿಂತೆ ಹತ್ತಿತ್ತು. ಕಾವಲುಗಾರನ ತಪ್ಪಿಗೇ ನಮ್ಮ ಕದಗಳು ತೆರೆಯುತ್ತವೆ ಎಂದು ಅವಳ ಅತ್ತೆ ಹೇಳುತ್ತಿದ್ದಳಂತೆ. "ತಪ್ಪೇ ಇಲ್ಲ ಅಂತ ಆದ್ಮೇಲೆ ಕದ ತೆರೀದೇ ಹೋದ್ರೆ ಏನ್ ಮೌನಣ್ಣ ಗತಿ? ಮಳೇಲಿ ಕದ ಹಾಕ್ಕೊಂಡ್ ಕೂತು ಏನ್ ಮಾಡೋದು ಅಂತಾನೇ ನಮಗ್ ಗೊತ್ತಿಲ್ವಲ್ಲ!" ನನಗೂ ಗೊತ್ತಿರಲಿಲ್ಲ. ಅಂದು ದಿನವಿಡೀ ಹಲವರು ತಮ್ಮ ಕದಗಳನ್ನು ಸುಮ್ಮನೆ ಎಳೆದು, ಬಿಟ್ಟು, ನೋಡಿದರು.

ಸಂಜೆ ನಾವು ಏಳು ಜನ ಬಾಗಿಲವರು ಮಂಟಪದೊಳಗೆ ಹೋದೆವು. ಇನ್ನೂರು ಜನ ಕೂರುವ ಜಾಗ. ಕಂಬಗಳು ಅಷ್ಟೊಂದಿವೆ ಎಂದು ಅವತ್ತೇ ಕಂಡದ್ದು. ಅವ್ವ ವ್ಯಾಸಪೀಠದ ಎದುರಿಗೇ, ಗರುಡಯ್ಯನ ಮುಖ ಸರಿಯಾಗಿ ಕಾಣುವಲ್ಲಿ ಕೂತಳು. ಗರುಡಯ್ಯನವರೂ ಮುನ್ನೂರವರೇ, ಆದರೆ ಓದುವಷ್ಟು ಹೊತ್ತು ವಾಚಕನಿಗೆ ವಂಶವಿಲ್ಲ ಎಂದು ಹಿಂದಿನವರು ಮಾಡಿಟ್ಟ ನಿಯಮದಿಂದ ಒಳಗುಳಿದರು. ಹೊರಗೆ ಜಗಲಿ ತುಂಬಿ, ಮೆಟ್ಟಿಲು ತುಂಬಿ, ಬೀದಿಯ ಆ ಕೊನೆಯವರೆಗೆ ಜನ ಕೂತಿದ್ದರು. ನಾನೇ ಎದ್ದು ಕದ ಎಳೆದೆ. ನನ್ನ ಅಜ್ಜ ಮಾಡಿದ ಕದ. ಅದನ್ನು ಒಳಗಿನಿಂದ ಮುಚ್ಚಿದ ಮೊದಲನೆಯ ಬಾಗಿಲವನು ನಾನು.

ಓದು ಶುರುವಾಯಿತು. ಅವ್ವ ಕಣ್ಣು ಮಿಟುಕಿಸದೆ ಕೂತಿದ್ದಳು. ಗುರು ಹಿಂದಿರುಗಿದ, ಕೋಟೆ ಕಂಡಿತು, ಮೋಡ ಕವಿಯಿತು. ಅದೇ ಹೊತ್ತಿಗೆ ಹೊರಗೂ ಹೆಂಚಿನ ಮೇಲೆ ಟಪ್ ಎಂದಿತು. ಗರುಡಯ್ಯನವರ ದನಿ ನಿಂತಿತು. ನಾವೆಲ್ಲ ಕದ ನೋಡಿದೆವು. ಹೊರಗಿನವರೂ ನೋಡುತ್ತಿದ್ದರೆಂದು ಆ ಮೌನದಲ್ಲೇ ತಿಳಿಯುತ್ತಿತ್ತು. ಇನ್ನೊಂದು ಹನಿ. ಮತ್ತೆ ನಾಲ್ಕು. ಆಮೇಲೆ ಎರಡೂ ಕದಗಳು, ಎಂದಿನಂತೆ, ಗೋಡೆಗೆ ಬಡಿಯದೆ, ನಿಧಾನವಾಗಿ ಪೂರ್ತಿ ತೆರೆದುಕೊಂಡವು. ಬೀದಿಯುದ್ದಕ್ಕೂ ಮನೆಮನೆಯ ಕದಗಳು ಒಂದಾದ ಮೇಲೊಂದು ತೆರೆಯುವ ಸದ್ದು ಕೇಳಿತು. ಹೊರಗೆ ಯಾರೋ ಅತ್ತರು, ನಂಜಕ್ಕನೇ ಇರಬೇಕು.

ಮಳೆ ಬಿರುಸಾಯಿತು. ಮುನ್ನೂರವರು ಅಲ್ಲಾಡಲಿಲ್ಲ. ತೆರೆದ ಬಾಗಿಲಿನಲ್ಲಿ ಎಲ್ಲರೂ ಕಾಣುತ್ತಿದ್ದರು; ಹೆಂಗಸರ ಸೆರಗು ಮೈಗಂಟಿತ್ತು, ಮುದುಕರ ರೆಪ್ಪೆಯಿಂದ ನೀರಿಳಿಯುತ್ತಿತ್ತು. ಮೊದಲ ಮೆಟ್ಟಿಲಿನ ಮೇಲೆ ಚನ್ನಿಗಪ್ಪನವರು ಕೈಮುಗಿದುಕೊಂಡು, ತೊಯ್ದ ಪೇಟದಲ್ಲಿ, ಗುರುವಿನ ಹಾಗೆಯೇ ಸೆಟೆದು ಕೂತಿದ್ದರು. ಗರುಡಯ್ಯ ಮುಂದಿನ ಪದ್ಯ ಎತ್ತಿಕೊಂಡರು: ಗುರು ಬಾಗಿಲ ಬಳಿ ಬರುವ ಪದ್ಯ, ಅವ್ವ ಎಷ್ಟೋ ವರ್ಷದಿಂದ ನೋಡಬೇಕೆಂದು ಕಾದಿದ್ದ ಮುಖ.

ಅವ್ವ ಆ ಕಡೆ ನೋಡಲೇ ಇಲ್ಲ. ಕಂಬ ಹಿಡಿದು ಎದ್ದಳು. ನಾನು ತೋಳು ಕೊಡಲು ಹೋದರೆ ತಳ್ಳಿದಳು. ಹೊಸ್ತಿಲ ಮೇಲೆ ಹೋಗಿ ನಿಂತಳು. ಇರಚಲು ಅವಳ ಕೆಂಪು ಸೀರೆಯ ನಿರಿಗೆಗೆ ಹೊಡೆಯಿತು.

"ಬನ್ರೋ ಒಳಕ್ಕೆ."

ಚನ್ನಿಗಪ್ಪ ತಲೆಯಾಡಿಸಿದರು. "ಇಲ್ಲ ಕಾಳಕ್ಕ. ಸಂಧಿ ಮುಗೀಲಿ. ನೀವು ಅಷ್ಟು ವರ್ಷ ಕೂತಿದ್ರಿ. ನಾವು ಮುನ್ನೂರವರು ಒಂದಿನಾನಾದ್ರೂ..."

"ಯಾರಪ್ಪ ಅದು ಮುನ್ನೂರವರು?" ಎಂದಳು ಅವ್ವ. ದನಿ ಬೀದಿಯ ಕೊನೆಯವರೆಗೆ ಕೇಳಿಸಿತು. ಎದೆಯಲ್ಲಿ ಕಫ ಕಟ್ಟಿದವಳ ದನಿಯಲ್ಲ ಅದು. "ಮಳೇಲಿ ನೆಂದು ಬಂದೋರ ಹೆಸರು ಕೇಳೋ ರೂಢಿ ಈ ಊರಲ್ಲಿ ಯಾವಾಗ ಶುರುವಾಯ್ತು? ನೀವ್ ಮುನ್ನೂರವರೋ ಮೂರು ಜನವೋ ನಂಗೇನ್ ಗೊತ್ತು? ಬಾಗ್ಲು ಕಾಯೋಳು ನಾನು. ಕರೀತಾ ಇದೀನಿ. ಏಳೋ ಚನ್ನಿಗ, ಮೊದ್ಲು ತಲೆ ಒರೆಸ್ಕೋ."

ಅವರು ಏಳಲಿಲ್ಲ, ಏಳಲು ಆಗಲಿಲ್ಲ, ಮೊಣಕಾಲು ಹಿಡಿದುಕೊಂಡಿತ್ತು. ನಾನು ಮಳೆಗಿಳಿದು ಅವರ ಕಂಕುಳಿಗೆ ಕೈಕೊಟ್ಟು ಎತ್ತಿದೆ. ಹೊಸ್ತಿಲ ಬಳಿ ಬರುತ್ತಲೇ ಅವ್ವ ಅವರ ಪೇಟ ತೆಗೆದು ನನ್ನ ಕೈಗೆ ಕೊಟ್ಟು, ಮದುವೆಯ ಸೀರೆಯ ಸೆರಗಿನಿಂದ ಅವರ ಬೋಳುತಲೆಯನ್ನು, ಮಕ್ಕಳ ತಲೆ ಒರೆಸುವ ಹಾಗೆ ಗಸಗಸನೆ ಒರೆಸಿದಳು. ಎಪ್ಪತ್ತು ದಾಟಿದ ಯಜಮಾನರು ಕಣ್ಣುಮುಚ್ಚಿ ಒರೆಸಿಕೊಂಡರು. ಅವರ ಹಿಂದೆ ನಂಜಕ್ಕ ಬಂದಳು. ಅವಳ ಹಿಂದೆ ಮೆಟ್ಟಿಲವರು, ಬೀದಿಯವರು. ಒಬ್ಬೊಬ್ಬರ ತಲೆಯನ್ನೂ ಮುಟ್ಟಿಯೇ ಅವ್ವ ಒಳಗೆ ಬಿಟ್ಟಳು. ಸೆರಗು ಹಿಂಡಿದರೆ ನೀರು ಸುರಿಯುತ್ತಿತ್ತು. ಹಿಂಡಿ ಮತ್ತೆ ಒರೆಸಿದಳು.

ಗರುಡಯ್ಯ ಅಷ್ಟು ಹೊತ್ತೂ ಅದೇ ಪದ್ಯವನ್ನು ತಿರುತಿರುಗಿ ಓದುತ್ತಿದ್ದರು, ಗುರುವನ್ನು ಬಾಗಿಲಿನಿಂದ ಮುಂದಕ್ಕೆ ಕಳಿಸಲು ಮನಸ್ಸಿಲ್ಲದವರ ಹಾಗೆ. ಕಟ್ಟಕಡೆಯವನೂ ಒಳಗಾದ ಮೇಲೆ ಅವ್ವ ತಿರುಗಿ, "ಹ್ಞೂಂ, ಓದಪ್ಪ ಇನ್ನು," ಎಂದಳು. ಕೊನೆಯ ಸಂಧಿಯ ಕೊನೆಯ ಪದ್ಯ ಓದಿದಾಗ ನಮ್ಮೂರಿನಲ್ಲಿ ಹೊರಗೆ ಯಾರೂ ಇರಲಿಲ್ಲ.